ಕಾಯಕದ ಉಪಕರಣವೂ ಅದರ ಋಣವೂ

ಶರಣರನ್ನು ನೆನೆಯುವಾಗ ಅವರ ಕೈಯ ಉಪಕರಣವೂ ಜೊತೆಗೂಡಿಯೇ ನೆನಪಿಗೆ ಬರುತ್ತದೆ. ಅಂಬಿಗರ ಚೌಡಯ್ಯನೆಂದರೆ ದೋಣಿಯೂ ಹುಟ್ಟೂ, ಮೇದರ ಕೇತಯ್ಯನೆಂದರೆ ಬಿದಿರೂ ಕತ್ತಿಯೂ, ನುಲಿಯ ಚಂದಯ್ಯನೆಂದರೆ ಹುಲ್ಲಿನ ಹಗ್ಗ, ಮಡಿವಾಳ ಮಾಚಯ್ಯನೆಂದರೆ ಬಟ್ಟೆಯ ಗಂಟು. ಆ ಮಹನೀಯರ ಉಪಕರಣ ಅವರದೇ; ಅದರಿಂದ ಮಾಡಿದ ಕಾಯಕ ಅವರದೇ; ಕಾಯಕದಿಂದ ಬಂದ ಫಲವನ್ನು ದಾಸೋಹಕ್ಕೆ ಸಲ್ಲಿಸುವ ಅಧಿಕಾರವೂ ಅವರದೇ. ಕತ್ತಿ ಮುರಿದರೆ ಅದರ ನಷ್ಟವನ್ನು ಹೊರತಕ್ಕವರು ಯಾರು ಎಂಬ ಪ್ರಶ್ನೆ ಅಲ್ಲಿ ಏಳುವುದಕ್ಕೆ ಅವಕಾಶವೇ ಇರಲಿಲ್ಲ.

ಇಂದಿನ ಕಾರ್ಖಾನೆಯಲ್ಲಿಯೂ ಗೋದಾಮಿನಲ್ಲಿಯೂ ಸ್ಥಿತಿ ಬೇರೆ. ದುಡಿಯುವ ಕೈ ಒಬ್ಬನದು, ದುಡಿಮೆಯ ಫಲಕ್ಕೆ ಒಡೆಯನು ಮತ್ತೊಬ್ಬನು. ಹೀಗಿರಲಾಗಿ ನಡುವೆ ಇರುವ ಉಪಕರಣ ಯಾರದಾಗಿರಬೇಕು? ಆ ಉಪಕರಣವು ದುಡಿಯುವವನ ಸ್ವಂತ ಮೊಬೈಲೇ ಆಗಿದ್ದರೆ, ಊರಿನಲ್ಲಿರುವ ತಾಯಿಯ ದನಿಯನ್ನೂ ಮಕ್ಕಳ ಚಿತ್ರವನ್ನೂ ತನ್ನೊಳಗೆ ಇಟ್ಟುಕೊಂಡಿರುವ ಆ ಚಿಕ್ಕ ಯಂತ್ರವೇ ಒಡೆಯನ ಲೆಕ್ಕದ ಪುಸ್ತಕವೂ ಆಗಿಬಿಟ್ಟರೆ, ಬಳಸಿಕೊಳ್ಳುವವನ ಮೇಲೆ ಯಾವ ಋಣ ಬೀಳುತ್ತದೆ? ಈ ಲೇಖನದ ವಿಚಾರ ಇಷ್ಟೇ. ಇದು ಯಂತ್ರಶಾಸ್ತ್ರದ ವಿಷಯವೆಂದು ವಾಚಕರು ಬದಿಗಿಡಬಾರದೆಂದು ಪ್ರಾರ್ಥಿಸುತ್ತೇನೆ. ಕಾಯಕವನ್ನು ಪವಿತ್ರವೆಂದು ನಂಬಿದವರಿಗೆ ಕಾಯಕದ ಉಪಕರಣದ ಲೆಕ್ಕವೂ ಧರ್ಮದ ಲೆಕ್ಕವೇ ಆಗಿದೆ.

ಈ ವಿಚಾರ ನನಗೆ ಒದಗಿದ ಸಂದರ್ಭವನ್ನು ಮೊದಲು ಹೇಳುತ್ತೇನೆ. ಕಳೆದ ಜಾತ್ರೆಯ ಸಮಯದಲ್ಲಿ ನಮ್ಮ ಪಾಠಶಾಲೆಯ ಹಳೆಯ ವಿದ್ಯಾರ್ಥಿಗಳಿಬ್ಬರು ಮಠಕ್ಕೆ ಬಂದಿದ್ದರು. ಒಬ್ಬನು ನೆಲಮಂಗಲದ ಕಡೆಯ ಒಂದು ಗೋದಾಮಿನಲ್ಲಿ ಸರಕನ್ನು ಆಯ್ದು ಕೊಡುವ ಕೆಲಸದಲ್ಲಿದ್ದಾನೆ. ಇನ್ನೊಬ್ಬನು ಪೀಣ್ಯದಲ್ಲಿ ಹನ್ನೆರಡು ಜನ ಕೆಲಸಗಾರರುಳ್ಳ ಸಣ್ಣ ಕಾರ್ಖಾನೆಯೊಂದನ್ನು ನಡೆಸುತ್ತಾನೆ. ಪ್ರಸಾದ ಮುಗಿದ ಮೇಲೆ ಮೂವರೂ ಪಾಠಶಾಲೆಯ ಜಗುಲಿಯಲ್ಲಿ ಕುಳಿತೆವು. ಮೊದಲನೆಯವನ ಕೈಯಲ್ಲಿದ್ದ ಮೊಬೈಲಿನ ಗಾಜು ಜೇಡರ ಬಲೆಯಂತೆ ಬಿರಿದಿತ್ತು. "ಇದೇನಪ್ಪಾ?" ಎಂದೆ.

"ಗುರುಗಳೆ, ಇದು ಕಂತಿನ ಮೇಲೆ ಕೊಂಡ ಮೊಬೈಲು. ಇನ್ನೂ ಐದು ಕಂತು ಬಾಕಿ ಇದೆ. ಗೋದಾಮಿನ ಆ್ಯಪನ್ನು ಇದರಲ್ಲಿಯೇ ಹಾಕಿಸಿದರು. ಮೇಲಿನ ಅಟ್ಟಣಿಗೆಯ ಪೆಟ್ಟಿಗೆಯನ್ನು ಸ್ಕ್ಯಾನ್ ಮಾಡುವಾಗ ಕೈಜಾರಿ ಸಿಮೆಂಟಿನ ನೆಲಕ್ಕೆ ಬಿತ್ತು. 'ನಿನ್ನ ಮೊಬೈಲು, ನೀನೇ ರಿಪೇರಿ ಮಾಡಿಸಿಕೊ' ಅಂದರು. ಗಾಜು ಒಡೆದದ್ದರಿಂದ ಸ್ಕ್ಯಾನ್ ಆಗುತ್ತಿರಲಿಲ್ಲ. ಎರಡು ದಿನ ಕೆಲಸಕ್ಕೆ ಕರೆಯಲೇ ಇಲ್ಲ" ಎಂದನು.

ಕಾರ್ಖಾನೆಯವನು ತಲೆತಗ್ಗಿಸಿ ಕೇಳುತ್ತಿದ್ದು, ಬಳಿಕ ಹೇಳಿದನು: "ಗುರುಗಳೆ, ನಮ್ಮ ಕಷ್ಟವನ್ನೂ ತಾವು ಕೇಳಬೇಕು. ಕಾರ್ಖಾನೆಗೆಂದೇ ಮಾಡಿದ ಗಟ್ಟಿ ಕೈಯಂತ್ರಗಳ ಬೆಲೆ ಬಹಳ. ಎಲ್ಲರಿಗೂ ಕೊಡಿಸಹೋದರೆ ನನ್ನ ವರ್ಷದ ಲಾಭ ಅಲ್ಲಿಗೇ ಮುಗಿಯುತ್ತದೆ. ಹುಡುಗರ ಜೇಬಿನಲ್ಲಿ ಅಷ್ಟೇ ಚುರುಕಾದ ಯಂತ್ರ ಇದ್ದೇ ಇದೆ. ಇದ್ದದ್ದನ್ನು ಬಳಸಿಕೊಂಡರೆ ತಪ್ಪೇನು?"

ನಾನು ಕೂಡಲೇ ಉತ್ತರ ಕೊಡಲಿಲ್ಲ. ಕೊಡದಿದ್ದುದಕ್ಕೆ ಕಾರಣ ನನ್ನದೇ ಒಂದು ನಡತೆ. ಅದನ್ನು ಲೇಖನದ ಕೊನೆಯಲ್ಲಿ ನಿವೇದಿಸುತ್ತೇನೆ.

ವಸ್ತುಸ್ಥಿತಿಯನ್ನು ಅರಿಯದೆ ಧರ್ಮನಿರ್ಣಯಕ್ಕೆ ಕೈಹಾಕುವುದು ಪಂಡಿತರಿಗೂ ತಕ್ಕುದಲ್ಲ. ಆದಕಾರಣ ಈ ಯಂತ್ರ ಗೋದಾಮಿನೊಳಗೆ ಬಂದ ಬಗೆಯನ್ನು ಸಂಕ್ಷೇಪವಾಗಿ ನೋಡೋಣ. ಸರಕಿನ ಮೇಲೆ ಕಪ್ಪು ಗೆರೆಗಳ ಗುರುತನ್ನು ಮುದ್ರಿಸಿ ಬೆಳಕಿನಿಂದ ಅದನ್ನು ಓದಿಸುವ ಪದ್ಧತಿಗೆ ಬಾರ್‌ಕೋಡೆಂದು ಹೆಸರು. ಇಂದು ಎಲ್ಲೆಲ್ಲೂ ಕಾಣುವ ಬಗೆಯ ಆ ಗುರುತನ್ನು ಅಂಗಡಿಯೊಂದರಲ್ಲಿ ಮೊದಲು ಓದಿಸಿದ್ದು 1974ನೆಯ ಇಸವಿ ಜೂನ್ 26ರಂದು, ಅಮೆರಿಕದ ಓಹಾಯೊ ಸಂಸ್ಥಾನದ ಟ್ರಾಯ್ ಎಂಬ ಪಟ್ಟಣದಲ್ಲಿ. ಹಾಗೆ ಓದಿಸಿದ ಸರಕು ಒಂದು ಚೂಯಿಂಗ್ ಗಮ್ಮಿನ ಪೊಟ್ಟಣ. ಅಲ್ಲಿಂದ ಮುಂದೆ ಉಗ್ರಾಣದ ಲೆಕ್ಕವು ಖಾತೆಪುಸ್ತಕವನ್ನು ಬಿಟ್ಟು ಮೆಲ್ಲಮೆಲ್ಲನೆ ಈ ಗೆರೆಗಳಿಗೆ ಸೇರಿತು. ಗೆರೆಗಳನ್ನು ಓದಿ ಕೂಡಲೇ ಲೆಕ್ಕಕ್ಕೆ ಕಳುಹಿಸುವ ಕೈಯಂತ್ರಗಳು ಹುಟ್ಟಿದವು. ಇವು ಗೋದಾಮಿಗೆಂದೇ ಮಾಡಿದವು. ಹಿಡಿ ದಪ್ಪ, ಮೈ ಒರಟು, ಬೆಲೆ ಹೆಚ್ಚು. ಬಹುಕಾಲ ಇವುಗಳಲ್ಲಿ ಹೆಚ್ಚಿನವು ಮೈಕ್ರೋಸಾಫ್ಟ್ ಸಂಸ್ಥೆಯ ವಿಂಡೋಸ್ ತಂತ್ರಾಂಶದ ಕೈಯಂತ್ರದ ರೂಪಗಳಿಂದ ನಡೆಯುತ್ತಿದ್ದವು.

2007ರಲ್ಲಿ ಐಫೋನು, 2008ರಲ್ಲಿ ಮೊದಲ ಆಂಡ್ರಾಯ್ಡ್ ಫೋನು ಪೇಟೆಗೆ ಬಂದವು. ಕೆಲವೇ ವರ್ಷಗಳಲ್ಲಿ ಸಾಮಾನ್ಯ ಮನುಷ್ಯನ ಜೇಬಿನಲ್ಲಿಯೂ ಒಂದು ಗಣಕಯಂತ್ರ ನೆಲೆಸಿತು. ಇತ್ತ ಹಳೆಯ ವಿಂಡೋಸ್ ಕೈಯಂತ್ರ ತಂತ್ರಾಂಶಕ್ಕೆ ಮೈಕ್ರೋಸಾಫ್ಟ್ ನೀಡುತ್ತಿದ್ದ ಪೋಷಣೆ ಒಂದೊಂದಾಗಿ ನಿಂತು, ಅದರ ಒಂದು ಮುಖ್ಯ ರೂಪಕ್ಕೆ 2020ರ ಜನವರಿಯಲ್ಲಿ ಕೊನೆಯಾಯಿತು. ಗೋದಾಮಿನ ಯಂತ್ರಗಳನ್ನು ಮಾಡುವವರು ಅಷ್ಟರಲ್ಲಿ ಆಂಡ್ರಾಯ್ಡಿನ ಕಡೆಗೆ ತಿರುಗಿದ್ದರು. ಹೀಗೆ ಗೋದಾಮಿನ ಯಂತ್ರದ ಒಳಗೂ ಜೇಬಿನ ಮೊಬೈಲಿನ ಒಳಗೂ ಒಂದೇ ಬಗೆಯ ತಂತ್ರಾಂಶ ನಡೆಯುವಂತಾಯಿತು. ಒಳಗು ಒಂದೇ ಎಂದಾದ ಮೇಲೆ ಹೊರಗಿನ ಮೈಗೆ ಅಷ್ಟು ಹಣ ಏಕೆ ತೆರಬೇಕೆಂಬ ಆಲೋಚನೆ ವ್ಯಾಪಾರಿಗೆ ಬಂದುದು ಸಹಜವೇ. "ನಿನ್ನ ಯಂತ್ರವನ್ನು ನೀನೇ ತಾ" ಎಂಬ ಪದ್ಧತಿ ಮೊದಲು ಕಛೇರಿಗಳಲ್ಲಿ ನೆಲೆಗೊಂಡು ಬಳಿಕ ಕಾರ್ಖಾನೆಗೂ ಗೋದಾಮಿಗೂ ಇಳಿಯಿತು.

ಈಗ ಪೂರ್ವಪಕ್ಷವನ್ನು ಅದರ ಪೂರ್ಣ ಬಲದೊಡನೆ ಮುಂದಿಡುವುದು ನ್ಯಾಯ. ಸಾಮಾನ್ಯ ಮೊಬೈಲು ಕಾರ್ಖಾನೆಗೆ ಸಲ್ಲದು ಎಂದು ಒಂದೇ ಮಾತಿನಲ್ಲಿ ತಳ್ಳಿಹಾಕಲಾಗದು. ಮೊದಲನೆಯದಾಗಿ, ಅದನ್ನು ಬಳಸುವ ವಿದ್ಯೆಯನ್ನು ಯಾರಿಗೂ ಹೊಸದಾಗಿ ಕಲಿಸಬೇಕಾಗಿಲ್ಲ. ನಿನ್ನೆ ಊರಿನಿಂದ ಬಂದ ಹುಡುಗನೂ ಇಂದು ಕೆಲಸಕ್ಕೆ ನಿಲ್ಲಬಲ್ಲನು. ಎರಡನೆಯದಾಗಿ, ಅದರಲ್ಲಿ ಕನ್ನಡದ ಅಕ್ಷರ ಮೂಡುತ್ತದೆ, ಧ್ವನಿ ಕೇಳುತ್ತದೆ, ಚಿತ್ರ ಬೀಳುತ್ತದೆ. ಒಡೆದು ಬಂದ ಪೆಟ್ಟಿಗೆಯ ಚಿತ್ರವನ್ನು ಕೂಡಲೇ ತೆಗೆದು ಕಳುಹಿಸಿದರೆ ಆ ನಷ್ಟದ ಅಪವಾದ ಬಡ ಕೆಲಸಗಾರನ ತಲೆಗೆ ಬರುವುದು ತಪ್ಪುತ್ತದೆ. ಯಂತ್ರ ಕೆಟ್ಟಾಗ ದೂರದ ಮೆಕ್ಯಾನಿಕ್ಕನಿಗೆ ಅದರ ಚಿತ್ರವನ್ನು ತೋರಿಸಿ ಸಲಹೆ ಪಡೆಯಬಹುದು. ಮೂರನೆಯದಾಗಿ, ದೊಡ್ಡ ಸಂಸ್ಥೆಗಳಿಗೆ ಮಾತ್ರ ಎಟುಕುತ್ತಿದ್ದ ಲೆಕ್ಕದ ಸೌಕರ್ಯವು ಸಣ್ಣ ಕಾರ್ಖಾನೆಗೂ ಊರಿನ ಸಹಕಾರ ಸಂಘಕ್ಕೂ ಎಟುಕುವಂತಾದುದು ಈ ಅಗ್ಗದ ಯಂತ್ರದಿಂದಲೇ. ಅಗ್ಗವಾದುದೆಲ್ಲ ಅಧರ್ಮವಲ್ಲ. ದುಬಾರಿ ಯಂತ್ರವನ್ನು ಕೊಂಡ ಮಾತ್ರಕ್ಕೆ ಒಡೆಯನು ಧರ್ಮಿಷ್ಠನಾಗುವುದೂ ಇಲ್ಲ.

ಇಷ್ಟನ್ನು ಒಪ್ಪಿದ ಮೇಲೆ ಸಿದ್ಧಾಂತಕ್ಕೆ ಬರೋಣ. ಸಾಮಾನ್ಯ ಮೊಬೈಲು ಅಗ್ಗವೆಂದು ತೋರುವಾಗಲೆಲ್ಲ ಆ ಅಗ್ಗದಲ್ಲಿ ಒಂದು ಪಾಲು ಮರೆಯಾಗಿರುವ ಸಂಭವ ಉಂಟು. ಆ ಪಾಲನ್ನು ಯಾರೋ ಒಬ್ಬರು ಮೌನವಾಗಿ ತೆರುತ್ತಿರುತ್ತಾರೆ. ತೆರುವವನು ದುಡಿಯುವವನಾಗಿದ್ದು ಅದು ಲೆಕ್ಕದಲ್ಲಿ ಎಲ್ಲಿಯೂ ಕಾಣದಿದ್ದರೆ, ಅದಕ್ಕೆ ಉಳಿತಾಯವೆಂಬ ಹೆಸರು ಸಲ್ಲದು. ಅದು ತೀರದ ಋಣ. ಈ ಮಾತನ್ನು ಸ್ಥಳದ ವಿಷಯದಲ್ಲಿ, ವೆಚ್ಚದ ವಿಷಯದಲ್ಲಿ, ಕಣ್ಗಾವಲಿನ ವಿಷಯದಲ್ಲಿ ಕ್ರಮವಾಗಿ ಪರೀಕ್ಷಿಸೋಣ.

ಮೊದಲು ಸ್ಥಳ. ಮನೆಯ ಜಗುಲಿಗೂ ಅಂಗಡಿಬೀದಿಗೂ ಮಾಡಿದ ವಸ್ತುವು ಎಲ್ಲ ಸ್ಥಳಕ್ಕೂ ಒಗ್ಗಬೇಕೆಂದಿಲ್ಲ. ತನ್ನ ಫೋನುಗಳನ್ನು ಸುತ್ತಲಿನ ಉಷ್ಣತೆ 0ಯಿಂದ 35 ಡಿಗ್ರಿ ಸೆಲ್ಸಿಯಸ್ ಇರುವಲ್ಲಿ ಬಳಸಬೇಕೆಂದು ಆಪಲ್ ಸಂಸ್ಥೆಯೇ ಹೇಳುತ್ತದೆ. ನಮ್ಮ ಸೀಮೆಯ ಬೇಸಗೆಯಲ್ಲಿ ತಗಡಿನ ಮಾಡಿನ ಕೆಳಗಿನ ಗೋದಾಮು ಈ ಮೇಲಿನ ಎಲ್ಲೆಯನ್ನು ದಾಟುವುದು ಅಪರೂಪವಲ್ಲ. ಘನೀಕೃತ ಆಹಾರವನ್ನು ಇಡುವ ಶೀತಗೃಹವೋ ಸೊನ್ನೆಗಿಂತ 18 ಡಿಗ್ರಿ ಕೆಳಗೆ ಇರತಕ್ಕುದು. ಅಲ್ಲಿ ಬ್ಯಾಟರಿಯ ಬಲ ಕುಗ್ಗುತ್ತದೆ, ಹೊರಗೆ ತಂದಾಗ ಯಂತ್ರದ ಮೇಲೂ ಒಳಗೂ ನೀರಿನ ಹನಿ ಕಟ್ಟುತ್ತದೆ, ಕೈಗವಸು ತೊಟ್ಟ ಬೆರಳಿಗೆ ತೆರೆ ಓಗೊಡುವುದಿಲ್ಲ. ಧೂಳನ್ನೂ ನೀರನ್ನೂ ಯಂತ್ರ ಎಷ್ಟು ತಡೆಯುತ್ತದೆಂಬುದಕ್ಕೆ ಅಂತರರಾಷ್ಟ್ರೀಯವಾಗಿ ಒಪ್ಪಿದ ಅಂಕಗಳಿವೆ. ಐಪಿ 67 ಎಂದರೆ ಧೂಳು ಒಳಸೇರದು, ಒಂದು ಮೀಟರ್ ಆಳದ ನೀರಿನಲ್ಲಿ ಅರ್ಧ ಗಂಟೆ ಇದ್ದರೂ ಕೆಡದು ಎಂದರ್ಥ. ಈಗ ಕೆಲವು ಸಾಮಾನ್ಯ ಮೊಬೈಲುಗಳಿಗೂ ಈ ಅಂಕ ಉಂಟು. ಆದರೆ ಆ ಅಂಕವು ಬೀಳುವಿಕೆಯ ಬಗ್ಗೆ ಏನನ್ನೂ ಹೇಳುವುದಿಲ್ಲ. ಸಿಮೆಂಟಿನ ನೆಲಕ್ಕೆ ಪದೇ ಪದೇ ಬಿದ್ದರೂ ತಾಳುವುದು ಬೇರೆ ಗುಣ, ಅದಕ್ಕೆ ಬೇರೆ ಪರೀಕ್ಷೆ.

ಮನುಷ್ಯನ ಮೈಯ ಶ್ರಮವೂ ಇಲ್ಲಿ ಲೆಕ್ಕಕ್ಕೆ ಬರಬೇಕು. ಗೋದಾಮಿನ ಯಂತ್ರದಲ್ಲಿ ಗೆರೆಗಳನ್ನು ಓದುವುದಕ್ಕೆಂದೇ ಒಂದು ಕಣ್ಣಿರುತ್ತದೆ. ಗುಂಡಿಯೊತ್ತಿದ ಕ್ಷಣದಲ್ಲಿ ಓದುತ್ತದೆ, ಕೆಲವು ಬಗೆಯವು ಹಲವು ಮೀಟರ್ ದೂರದಿಂದಲೂ ಓದುತ್ತವೆ. ಸಾಮಾನ್ಯ ಮೊಬೈಲಿನಲ್ಲಿ ಚಿತ್ರ ತೆಗೆಯುವ ಕಣ್ಣೇ ಈ ಕೆಲಸವನ್ನೂ ಮಾಡಬೇಕು. ಮಂದವಾದ ಬೆಳಕಿನಲ್ಲಿ ಅದು ತಡವರಿಸುತ್ತದೆ. ಹತ್ತಿರಕ್ಕೆ ಬಾಗಬೇಕು, ಕೈಯನ್ನು ಅಲುಗದಂತೆ ಹಿಡಿಯಬೇಕು. ದಿನಕ್ಕೆ ಹತ್ತು ಸಲವಾದರೆ ಚಿಂತೆಯಿಲ್ಲ. ಒಂದೇ ಪಾಳಿಯಲ್ಲಿ ನೂರಾರು ಸಲ ಮಾಡುವವನ ಮಣಿಕಟ್ಟಿಗೂ ಕಣ್ಣಿಗೂ ಸೊಂಟಕ್ಕೂ ಆ ಒಂದೊಂದು ಕ್ಷಣದ ಭಾರ ಸೇರುತ್ತ ಹೋಗುತ್ತದೆ. ಯಂತ್ರದಲ್ಲಿ ಉಳಿಸಿದ ಹಣವನ್ನು ಅವನ ದೇಹದಿಂದ ವಸೂಲು ಮಾಡಿದಂತಾಗುತ್ತದೆ.

ಇನ್ನು ಕೆಲವು ಸ್ಥಳಗಳಲ್ಲಿ ಪ್ರಾಣದ ಮಾತೇ ಬರುತ್ತದೆ. ಪೆಟ್ರೋಲಿನಂಥ ದ್ರವಗಳ ಆವಿ ಮಾತ್ರವೇ ಹೊತ್ತಿಕೊಳ್ಳುತ್ತದೆಂದು ನಾವು ತಿಳಿದಿರುತ್ತೇವೆ. ಹಿಟ್ಟು, ಸಕ್ಕರೆ, ಗಂಜಿಪುಡಿ ಮುಂತಾದವುಗಳ ನುಣ್ಣನೆಯ ಧೂಳು ಗಾಳಿಯಲ್ಲಿ ದಟ್ಟವಾಗಿ ತೇಲಿದಾಗ ಅದೂ ಸಿಡಿಮದ್ದಿನಂತೆ ಸ್ಫೋಟಿಸಬಲ್ಲದು. 2008ರ ಫೆಬ್ರವರಿಯಲ್ಲಿ ಅಮೆರಿಕದ ಜಾರ್ಜಿಯಾ ಸಂಸ್ಥಾನದ ಪೋರ್ಟ್ ವೆಂಟ್‌ವರ್ತಿನ ಸಕ್ಕರೆ ಕಾರ್ಖಾನೆಯಲ್ಲಿ ಸಕ್ಕರೆಯ ಧೂಳು ಸ್ಫೋಟಿಸಿ 14 ಜನ ಪ್ರಾಣ ಬಿಟ್ಟರು. ಅಲ್ಲಿ ಮೊಬೈಲು ಕಾರಣವಾಗಿರಲಿಲ್ಲ. ನಿರಪರಾಧಿಯ ಮೇಲೆ ದೋಷ ಹೊರಿಸಬಾರದು. ಆದರೆ ಅಂಥ ಸ್ಥಳದಲ್ಲಿ ಒಂದು ಕಿಡಿಗೂ ಎಡೆಕೊಡಬಾರದೆಂಬುದನ್ನು ಆ ದುರಂತ ಕಲಿಸುತ್ತದೆ. ಅದಕ್ಕಾಗಿಯೇ ಒಳಗಿನ ವಿದ್ಯುಚ್ಛಕ್ತಿಯನ್ನು ಕಿಡಿ ಹೊತ್ತಿಸಲಾರದಷ್ಟು ಮಿತಿಯಲ್ಲಿಟ್ಟು ಮಾಡಿದ, ಪರೀಕ್ಷೆಯಾಗಿ ಪ್ರಮಾಣಪತ್ರ ಪಡೆದ ಯಂತ್ರಗಳನ್ನು ಮಾತ್ರ ಅಲ್ಲಿಗೆ ಒಯ್ಯಬೇಕೆಂಬ ನಿಯಮ ಇದೆ. ಜೇಬಿನ ಸಾಮಾನ್ಯ ಮೊಬೈಲಿಗೆ ಆ ಪ್ರಮಾಣ ಇಲ್ಲ. ಇಲ್ಲಿ ಬಡತನದ ನೆಪವೂ ಸಲ್ಲದು. ಸಣ್ಣ ಕಾರ್ಖಾನೆಯವನೂ ತನ್ನ ನೆಲದ ಸ್ವಭಾವವನ್ನು ಮೊದಲು ತಿಳಿಯಬೇಕು, ಯಂತ್ರದ ಬೆಲೆಯನ್ನು ಆಮೇಲೆ ಕೇಳಬೇಕು.

ಎರಡನೆಯದು ವೆಚ್ಚ. "ಹೇಗೂ ನಿನ್ನ ಹತ್ತಿರ ಮೊಬೈಲು ಇದೆಯಲ್ಲ, ಹೊಸದಾಗಿ ನಿನಗೇನು ಖರ್ಚು?" ಎಂಬ ಮಾತು ಎಲ್ಲೆಲ್ಲಿಯೂ ಕೇಳಿಬರುತ್ತದೆ. ಮೇಲುನೋಟಕ್ಕೆ ಇದು ಸರಿಯೆಂದೇ ತೋರುತ್ತದೆ. ಇದೇ ವಾದ 2014ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾ ಸಂಸ್ಥಾನದ ಮೇಲ್ಮನವಿ ನ್ಯಾಯಾಲಯದ ಮುಂದೆ ಬಂದಿತ್ತು. ಕೆಲಸದ ಕರೆಗಳಿಗೆ ಸ್ವಂತ ಮೊಬೈಲನ್ನು ಬಳಸಲೇಬೇಕಾದ ನೌಕರನಿಗೆ ಮಾಲೀಕನು ಆ ಬಿಲ್ಲಿನ ನ್ಯಾಯವಾದ ಒಂದು ಪಾಲನ್ನು ಕೊಡಲೇಬೇಕೆಂದು ನ್ಯಾಯಾಲಯ ತೀರ್ಮಾನಿಸಿತು. ನೌಕರನ ಬಿಲ್ಲು ಕೆಲಸದ ದೆಸೆಯಿಂದ ಒಂದು ಕಾಸೂ ಹೆಚ್ಚದಿದ್ದರೂ, ಬಿಲ್ಲನ್ನು ಬೇರೆ ಯಾರೋ ತೆತ್ತಿದ್ದರೂ, ಕೊಡಬೇಕಾದುದು ಕೊಡಬೇಕಾದುದೇ ಎಂದಿತು. ಇಲ್ಲವಾದರೆ ಮಾಲೀಕನು ತನ್ನ ವ್ಯಾಪಾರದ ವೆಚ್ಚವನ್ನು ನೌಕರನ ಮೇಲೆ ಜಾರಿಸಿ ಅನರ್ಜಿತ ಲಾಭ ಪಡೆದಂತಾಗುತ್ತದೆಂಬುದು ಅದು ಕಂಡ ಕಾರಣ. ಆ ತೀರ್ಪು ಅಲ್ಲಿನ ಕಾನೂನನ್ನು ಆಧರಿಸಿದುದು, ನಮ್ಮನ್ನು ಕಟ್ಟುವಂಥದಲ್ಲ. ಆದರೂ ಅದರ ಹಿಂದಿನ ವಿವೇಕವನ್ನು ಯಾವ ದೇಶದವರೂ ಮನಗಾಣಬಹುದು.

ನಮ್ಮ ಹಳ್ಳಿಗಳಲ್ಲಿಯೇ ಇದರ ದೃಷ್ಟಾಂತ ಉಂಟು. ಕೂಲಿಗೆ ಬಂದ ರೈತನು ತನ್ನ ಎತ್ತು ನೇಗಿಲುಗಳೊಡನೆ ಬಂದರೆ ಒಂದು ಕೂಲಿ, ಬರಿಗೈಯಲ್ಲಿ ಬಂದರೆ ಒಂದು ಕೂಲಿ. "ಎತ್ತು ಹೇಗೂ ನಿನ್ನ ಕೊಟ್ಟಿಗೆಯಲ್ಲಿ ಇತ್ತಲ್ಲ, ಅದಕ್ಕೇಕೆ ಬೇರೆ ಕೂಲಿ?" ಎಂದು ಕೇಳಿದ ಯಜಮಾನನನ್ನು ಊರು ನಗುತ್ತಿತ್ತು. ಎತ್ತು ದಣಿಯುತ್ತದೆ, ಮೇವು ತಿನ್ನುತ್ತದೆ, ವಯಸ್ಸಾಗುತ್ತದೆ. ಮೊಬೈಲಿಗೂ ಈ ಮೂರು ಉಂಟು. ದಿನಕ್ಕೆ ಎಂಟು ಗಂಟೆ ತೆರೆ ಬೆಳಗಿಸಿಟ್ಟರೆ ಬ್ಯಾಟರಿಯ ಆಯುಷ್ಯ ಬೇಗನೆ ಕರಗುತ್ತದೆ. ಸಾಮಾನ್ಯ ಮೊಬೈಲುಗಳಲ್ಲಿ ಹೆಚ್ಚಿನವುಗಳ ಬ್ಯಾಟರಿಯನ್ನು ನಾವೇ ತೆಗೆದು ಬದಲಾಯಿಸುವಂತಿಲ್ಲ. ಗೋದಾಮಿನ ಯಂತ್ರಗಳಲ್ಲಿಯಾದರೋ ಪಾಳಿಯ ನಡುವೆಯೇ ಬದಲಾಯಿಸುವ ಅನುಕೂಲ ಸಾಮಾನ್ಯವಾಗಿ ಇರುತ್ತದೆ. ಕಂತು ತೀರುವ ಮುನ್ನವೇ ಮೊಬೈಲು ಸವೆದರೆ ಆ ಸವೆತವನ್ನು ತೆತ್ತವರಾರು? ನೆಲಮಂಗಲದಿಂದ ಬಂದಿದ್ದ ನನ್ನ ಶಿಷ್ಯನ ಲೆಕ್ಕದಲ್ಲಿ ಒಡೆದ ಗಾಜೂ ಇದೆ, ಎರಡು ದಿನದ ಕೂಲಿಯೂ ಇದೆ. ಒಡೆಯನ ಲೆಕ್ಕದಲ್ಲಿ ಎರಡೂ ಇಲ್ಲ. ಒಂದೇ ಘಟನೆ ಒಬ್ಬನ ಪುಸ್ತಕದಲ್ಲಿ ಇದ್ದು ಇನ್ನೊಬ್ಬನ ಪುಸ್ತಕದಲ್ಲಿ ಇಲ್ಲದಿದ್ದರೆ ಯಾವುದೋ ಒಂದು ಪುಸ್ತಕ ತಪ್ಪೆಂದು ಲೆಕ್ಕ ಕಲಿತವರೆಲ್ಲರೂ ಬಲ್ಲರು.

ಮೂರನೆಯದು ಕಣ್ಗಾವಲು. ಹಳೆಯ ಉಪಕರಣಕ್ಕೆ ಕಣ್ಣಿರಲಿಲ್ಲ. ನೇಗಿಲು ರೈತನು ಎಷ್ಟು ಹೊತ್ತು ಮರದಡಿ ಕುಳಿತನೆಂದು ಯಾರಿಗೂ ಹೇಳಲಿಲ್ಲ. ಈ ಹೊಸ ಉಪಕರಣವು ಹೇಳುತ್ತದೆ. ಪ್ರತಿಯೊಂದು ಸ್ಕ್ಯಾನಿನ ಗಳಿಗೆಯೂ ದಾಖಲೆಯಾಗುತ್ತದೆ. ಎರಡು ಸ್ಕ್ಯಾನುಗಳ ನಡುವಿನ ಮೌನವೂ ದಾಖಲೆಯಾಗುತ್ತದೆ. ಫ್ರಾನ್ಸ್ ದೇಶದ ದತ್ತಾಂಶ ರಕ್ಷಣಾ ಪ್ರಾಧಿಕಾರವು ಅಲ್ಲಿನ ಅಮೆಜಾನ್ ಗೋದಾಮುಗಳನ್ನು ನಡೆಸುವ ಸಂಸ್ಥೆಗೆ 2023ರ ಡಿಸೆಂಬರಿನಲ್ಲಿ 3 ಕೋಟಿ 20 ಲಕ್ಷ ಯೂರೋಗಳ ದಂಡ ವಿಧಿಸಿದಾಗ ಮುಖ್ಯವಾಗಿ ಎತ್ತಿ ಹೇಳಿದ್ದು ಇದನ್ನೇ. ಕೆಲಸಗಾರರ ಕೈಯ ಸ್ಕ್ಯಾನರಿನಿಂದ ಹತ್ತು ನಿಮಿಷ ಮೀರಿದ ಬಿಡುವನ್ನೂ, ಒಂದರಿಂದ ಹತ್ತು ನಿಮಿಷದೊಳಗಿನ ಬಿಡುವನ್ನೂ ಬೇರೆಬೇರೆಯಾಗಿ ಅಳೆಯಲಾಗುತ್ತಿತ್ತು. ಇಷ್ಟು ಸೂಕ್ಷ್ಮವಾಗಿ ಅಳೆದರೆ ಕೆಲಸಗಾರನು ಪ್ರತಿಯೊಂದು ಬಿಡುವಿಗೂ ಸಮಜಾಯಿಷಿ ಕೊಡಬೇಕಾದೀತೆಂದು ಪ್ರಾಧಿಕಾರ ಭಾವಿಸಿತು. ಸಂಸ್ಥೆ ಆ ನಿರ್ಣಯವನ್ನು ಒಪ್ಪದೆ ಮೇಲ್ಮನವಿಗೆ ಹೋಯಿತು. ನ್ಯಾಯಾಲಯಗಳ ವಾದವಿವಾದ ಏನೇ ಇರಲಿ, ನೀರು ಕುಡಿಯಲು ನಿಂತ ಮನುಷ್ಯನು ನಿಂತುದಕ್ಕೆ ಕಾರಣ ಬರೆದುಕೊಡಬೇಕಾದ ಸ್ಥಿತಿ ಕಾಯಕದ ಸ್ಥಿತಿಯಲ್ಲ ಎಂಬುದು ನಮ್ಮ ಮನಸ್ಸಿಗೆ ತಾನಾಗಿ ಗೋಚರಿಸುತ್ತದೆ.

ಫ್ರಾನ್ಸಿನ ಸ್ಕ್ಯಾನರು ಒಡೆಯನದು. ಪಾಳಿ ಮುಗಿದೊಡನೆ ಅದನ್ನು ಗೂಟಕ್ಕೆ ಸಿಕ್ಕಿಸಿ ಮನೆಗೆ ಹೋಗಬಹುದು. ಸ್ವಂತ ಮೊಬೈಲೋ ಒಡನೆಯೇ ಮನೆಗೆ ಬರುತ್ತದೆ, ಹಾಸಿಗೆಯ ಪಕ್ಕದಲ್ಲಿ ಮಲಗುತ್ತದೆ. ಆ್ಯಪಿಗೆ ಸ್ಥಳವನ್ನು ತಿಳಿಯುವ ಅನುಮತಿ ಇದ್ದರೆ ಭಾನುವಾರ ಅವನು ಎಲ್ಲಿಗೆ ಹೋದನೆಂಬುದೂ ತಿಳಿಯಬಹುದು. ಯಂತ್ರವನ್ನು ದೂರದಿಂದ ಆಳುವ ತಂತ್ರಾಂಶಕ್ಕೆ ಪೂರ್ಣ ಅಧಿಕಾರ ಕೊಟ್ಟಿದ್ದರೆ, ಕೆಲಸ ಬಿಟ್ಟ ದಿನ ಒಡೆಯನ ಲೆಕ್ಕದೊಡನೆ ಮಕ್ಕಳ ಚಿತ್ರಗಳೂ ಅಳಿಸಿಹೋಗಬಹುದು. ಇದಕ್ಕೆ ಪರಿಹಾರ ಇಲ್ಲದೆ ಇಲ್ಲ. ಆಂಡ್ರಾಯ್ಡಿನಲ್ಲಿ ಕೆಲಸದ ಭಾಗವನ್ನೂ ಸ್ವಂತದ ಭಾಗವನ್ನೂ ಗೋಡೆಯಿಟ್ಟಂತೆ ಬೇರ್ಪಡಿಸುವ ಏರ್ಪಾಡು ಇದೆ. ಹಾಗೆ ಮಾಡಿದರೆ ಒಡೆಯನು ಅಳಿಸಬಹುದಾದುದು ಕೆಲಸದ ಭಾಗವನ್ನು ಮಾತ್ರ. ಕೆಲಸದ ಹೊತ್ತು ಮೀರಿದ ಮೇಲೆ ಸಂಪರ್ಕದಿಂದ ಬಿಡುಗಡೆ ಪಡೆಯುವ ಹಕ್ಕನ್ನು ಫ್ರಾನ್ಸ್ ದೇಶವು 2017ರ ಜನವರಿಯಿಂದ ಕಾನೂನಿನಲ್ಲಿಯೇ ಸೇರಿಸಿದೆ. ಉಪಾಯಗಳಿವೆ, ಅವುಗಳನ್ನು ಬಳಸುವ ಮನಸ್ಸು ಬೇಕು.

ಈ ಸಂದರ್ಭದಲ್ಲಿ ಆಯ್ದಕ್ಕಿ ಲಕ್ಕಮ್ಮನ ಕಥೆ ನೆನಪಾಗದೆ ಇರದು. ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಮಾರಯ್ಯನ ಕಾಯಕ. ಒಂದು ದಿನ ಅವನು ಎಂದಿಗಿಂತ ಹೆಚ್ಚಿಗೆ ಅಕ್ಕಿಯನ್ನು ತಂದಾಗ, ನಮಗೆ ಇಷ್ಟು ಬೇಡ, ಹೆಚ್ಚಿನದನ್ನು ಅಲ್ಲಿಯೇ ಸುರಿದು ಬನ್ನಿರೆಂದು ಆ ತಾಯಿ ಗಂಡನನ್ನು ಹಿಂದಕ್ಕೆ ಕಳುಹಿಸಿದಳೆಂದು ಪರಂಪರೆ ಹೇಳುತ್ತದೆ. ಆ ಅಕ್ಕಿ ಕದ್ದದ್ದಾಗಿರಲಿಲ್ಲ, ನೆಲದ ಮೇಲೆ ಬಿದ್ದದ್ದೇ. ಸುಲಭವಾಗಿ ಸಿಕ್ಕಿತೆಂಬುದು ತೆಗೆದುಕೊಳ್ಳುವುದಕ್ಕೆ ಕಾರಣವಾಗದೆಂದು ಅವಳು ಕಂಡಳು. ಇಂದು ಮೊಬೈಲಿನಿಂದ ಚೆಲ್ಲುವ ಕಾಳುಗಳು ಬೇರೆ ಬಗೆಯವು: ಎಲ್ಲಿದ್ದನು, ಎಷ್ಟು ಹೊತ್ತು ನಿಂತನು, ಯಾರೊಡನೆ ಮಾತನಾಡಿದನು. ಇವು ಒಡೆಯನ ಪಾತ್ರೆಗೆ ತಾವಾಗಿ ಬಂದು ಬೀಳುತ್ತವೆ. ಸರಕು ತಲುಪಿತೇ ಇಲ್ಲವೇ ಎಂದು ತಿಳಿಯುವುದಕ್ಕೆ ಬೇಕಾದಷ್ಟನ್ನು ಇಟ್ಟುಕೊಂಡು ಮಿಕ್ಕುದನ್ನು ಸುರಿದುಬಿಡುವ ಮನಸ್ಸು ಎಷ್ಟು ಜನ ಒಡೆಯರಿಗೆ ಉಂಟು?

ಕಾನೂನು ಇರುವಾಗ ನಮಗೇಕೆ ಚಿಂತೆ ಎಂದು ಕೆಲವರು ಕೇಳಬಹುದು. ನಮ್ಮ ದೇಶದಲ್ಲಿ 2023ರಲ್ಲಿ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಆಯಿತು. ಅದರ ನಿಯಮಗಳು 2025ರ ನವೆಂಬರಿನಲ್ಲಿ ಪ್ರಕಟವಾದವು, ಜಾರಿಯನ್ನು ಹಂತಹಂತವಾಗಿ ಇಟ್ಟಿದ್ದಾರೆ. ಒಳ್ಳೆಯ ಪ್ರಾರಂಭವೇ. ಆದರೆ ನೌಕರಿಯ ಉದ್ದೇಶಗಳಿಗಾಗಿ ವ್ಯಕ್ತಿಯ ಸಮ್ಮತಿ ಪಡೆಯದೆಯೂ ಅವನ ವಿವರಗಳನ್ನು ಬಳಸಬಹುದೆಂಬ ಅವಕಾಶ ಆ ಕಾಯ್ದೆಯ ಏಳನೆಯ ಪ್ರಕರಣದಲ್ಲಿಯೇ ಇದೆ. ಸಮ್ಮತಿ ಕೇಳಿದರೂ ತಾನೆ ಏನು? ತಿಂಗಳ ಬಾಡಿಗೆ ಕಟ್ಟಬೇಕಾದವನ ಮುಂದೆ "ಒಪ್ಪುತ್ತೇನೆ" ಎಂಬ ಗುಂಡಿಯನ್ನು ಇಟ್ಟರೆ ಅವನು ಒತ್ತದೆ ಮಾಡುವುದೇನು? ಹಸಿದವನ ಒಪ್ಪಿಗೆಯನ್ನು ಪೂರ್ಣ ಒಪ್ಪಿಗೆಯೆಂದು ಬಗೆಯಲಾಗದು. ಆದಕಾರಣ ಕಾನೂನು ನಿಂತಲ್ಲಿಂದ ಮುಂದಕ್ಕೆ ಅಂತಃಸಾಕ್ಷಿಯೇ ನಡೆಯಬೇಕಾಗುತ್ತದೆ.

ಋಣದ ಮಾತನ್ನು ಒಡೆಯನಿಗೆ ಮಾತ್ರ ಹೇಳಿ ಮುಗಿಸಿದರೆ ಪಕ್ಷಪಾತವಾದೀತು. ದುಡಿಯುವವನಿಗೂ ಧರ್ಮ ಉಂಟು. ಸರಕೆತ್ತುವ ಫೋರ್ಕ್‌ಲಿಫ್ಟ್ ಗಾಡಿಯನ್ನು ನಡೆಸುತ್ತ ಮೊಬೈಲಿನಲ್ಲಿ ಮಾತನಾಡುವವನು ತನ್ನ ಪ್ರಾಣವನ್ನೂ ಇತರರ ಪ್ರಾಣವನ್ನೂ ಪಣಕ್ಕೆ ಇಡುತ್ತಾನೆ. ಕೆಲಸಕ್ಕೆಂದು ಕೊಟ್ಟ ಅನುಮತಿಯನ್ನು ಆಟಕ್ಕೂ ಸಿನಿಮಾಕ್ಕೂ ತಿರುಗಿಸುವವನು ಕಾಯಕವನ್ನು ಕಳೆಯುತ್ತಾನೆ. ಆದರೆ ಇಲ್ಲಿಯೂ ಒಂದು ಸೂಕ್ಷ್ಮ ಇದೆ. ಮನಸ್ಸನ್ನು ಸೆಳೆಯುವುದಕ್ಕೆಂದೇ ಮಾಡಿದ ಹತ್ತಾರು ಆ್ಯಪುಗಳು ತುಂಬಿರುವ ಯಂತ್ರವನ್ನು ದಿನವಿಡೀ ಕೈಯಲ್ಲಿ ಹಿಡಿದಿರು ಎಂದು ಆಜ್ಞಾಪಿಸಿ, ಮನಸ್ಸು ಅತ್ತ ಹರಿದಾಗ ಸಂಬಳ ಕಡಿಯುವುದು ಎಷ್ಟು ಸರಿ? ಕೆಲಸದ ಯಂತ್ರ ಬೇರೆ, ಮನೆಯ ಯಂತ್ರ ಬೇರೆ ಇದ್ದರೆ ಇಬ್ಬರಿಗೂ ತಮ್ಮ ತಮ್ಮ ಎಲ್ಲೆ ಸ್ಪಷ್ಟವಾಗಿರುತ್ತದೆ.

ಈಗ ನನ್ನ ನಿವೇದನೆ. ನಮ್ಮ ದಾಸೋಹದ ಉಗ್ರಾಣದಲ್ಲಿ ಅಕ್ಕಿ ರಾಗಿ ಬೇಳೆಗಳ ಲೆಕ್ಕವನ್ನು ಬಹುಕಾಲ ಪುಸ್ತಕದಲ್ಲಿ ಬರೆಯುತ್ತಿದ್ದರು. ಎರಡು ವರ್ಷದ ಹಿಂದೆ ಮೂಟೆಮೂಟೆಗೂ ಚಿತ್ರ ತೆಗೆದು ಮೊಬೈಲಿನಲ್ಲಿ ಲೆಕ್ಕ ಇಡಬೇಕೆಂದು ನಿಶ್ಚಯವಾಯಿತು. ಆ ಏರ್ಪಾಡನ್ನು ನೋಡಿಕೊಳ್ಳುವ ಭಾರ ನನ್ನ ಮೇಲೆ ಬಿತ್ತು. ನಮ್ಮ ಉಗ್ರಾಣಿ ವಯಸ್ಸಾದವರು. ಮಗಳು ಕೊಡಿಸಿದ ಒಂದು ಮೊಬೈಲು ಅವರ ಬಳಿ ಇತ್ತು. ನಾನು ಅವರಿಗೆ ಹೇಳಿದ ಮಾತು ಇದು: "ಹೇಗೂ ನಿಮ್ಮ ಹತ್ತಿರ ಇದೆಯಲ್ಲ ಅಣ್ಣಾ, ಅದರಲ್ಲಿಯೇ ಮಾಡಿಬಿಡಿ." ಅವರು "ಆಗಲಿ ಗುರುಗಳೆ" ಎಂದರು. ಹಿಟ್ಟಿನ ಧೂಳು ಸೇರಿ ಅದರ ಧ್ವನಿ ಕೆಟ್ಟಿತು. ಜಾಗ ಸಾಲದೆಂದು ಮೊಮ್ಮಗಳ ಹಳೆಯ ಚಿತ್ರಗಳನ್ನು ಅಳಿಸಿ ಮೂಟೆಗಳ ಚಿತ್ರಕ್ಕೆ ಸ್ಥಳ ಮಾಡಿಕೊಂಡರಂತೆ. ರಾತ್ರಿ ಹತ್ತು ಗಂಟೆಗೂ ನಾನು "ನಾಳೆಗೆ ಅಕ್ಕಿ ಎಷ್ಟಿದೆ?" ಎಂದು ಕೇಳುತ್ತಿದ್ದೆ, ಅವರು ಉತ್ತರಿಸುತ್ತಿದ್ದರು. ರಿಪೇರಿಯ ಹಣವನ್ನು ಅವರು ಒಮ್ಮೆಯೂ ಕೇಳಲಿಲ್ಲ. ಕೇಳದೆ ಇದ್ದುದನ್ನು ನಾನು ಭಕ್ತಿಯೆಂದು ತಿಳಿದಿದ್ದೆ.

ಪೀಣ್ಯದ ಶಿಷ್ಯನು "ಇದ್ದದ್ದನ್ನು ಬಳಸಿಕೊಂಡರೆ ತಪ್ಪೇನು?" ಎಂದಾಗ ನನ್ನ ನಾಲಿಗೆ ಕಟ್ಟಿದ್ದು ಈ ಕಾರಣದಿಂದ. ಲಾಭಕ್ಕಾಗಿ ನಡೆಯುವ ಕಾರ್ಖಾನೆಯಲ್ಲಿ ಅದು ಋಣವಾದರೆ ದಾಸೋಹದ ಉಗ್ರಾಣದಲ್ಲಿಯೂ ಅದು ಋಣವೇ. ಉದ್ದೇಶ ಪವಿತ್ರವಾದ ಮಾತ್ರಕ್ಕೆ ಲೆಕ್ಕ ಬದಲಾಗದು. ಅನ್ನದಾನದ ಪುಣ್ಯದಲ್ಲಿ ಒಬ್ಬ ಮುದುಕರ ಮೊಬೈಲಿನ ರಿಪೇರಿಯ ಹಣ ಅವರ ಅರಿವಿಲ್ಲದೆ ಸೇರಿಹೋಗಿತ್ತು. ಮೊಮ್ಮಗಳ ಚಿತ್ರವಂತೂ ಹಿಂದಿರುಗಿ ಬರುವಂಥದಲ್ಲ.

ಜಗುಲಿಯಲ್ಲಿ ಕುಳಿತಿದ್ದ ಶಿಷ್ಯರಿಬ್ಬರಿಗೂ ನಾನು ಈ ಕಥೆಯನ್ನೇ ಉತ್ತರವಾಗಿ ಹೇಳಿದೆ. ಮರುವಾರ ಉಗ್ರಾಣಕ್ಕೆಂದು ಒಂದು ಸಾಧಾರಣ ಬೆಲೆಯ ಮೊಬೈಲನ್ನೂ ಅದಕ್ಕೊಂದು ದಪ್ಪ ರಬ್ಬರಿನ ಕವಚವನ್ನೂ ಕೊಂಡುತಂದೆವು. ನಮ್ಮ ಉಗ್ರಾಣಕ್ಕೆ ಅಷ್ಟೇ ಸಾಕು. ದುಬಾರಿ ಯಂತ್ರದ ಅಗತ್ಯ ಇಲ್ಲಿಲ್ಲ. ಅದು ಸಂಜೆ ಉಗ್ರಾಣದ ಗೂಡಿನಲ್ಲಿ ಉಳಿಯುತ್ತದೆ, ಬಾಗಿಲಿಗೆ ಬೀಗ ಬೀಳುತ್ತದೆ. ಅಣ್ಣನವರಿಗೆ ರಿಪೇರಿಯ ಹಣವನ್ನು ಒಪ್ಪಿಸಿದಾಗ ಮೊದಲು ಬೇಡವೆಂದರು. ಇದು ದಾನವಲ್ಲ, ಬಾಕಿ ಎಂದು ಹೇಳಿದ ಮೇಲೆ ತೆಗೆದುಕೊಂಡರು. ಪೀಣ್ಯದವನು ಕೆಲವು ದಿನಗಳ ನಂತರ ಫೋನು ಮಾಡಿ, ಕಾರ್ಖಾನೆಯ ಹೆಸರಿನಲ್ಲಿ ಮೂರು ಮೊಬೈಲು ಕೊಂಡಿರುವುದಾಗಿಯೂ ಪಾಳಿಯವರು ಸರದಿಯ ಮೇಲೆ ಅವನ್ನು ಬಳಸುವರೆಂದೂ, ಬಣ್ಣದ ದ್ರಾವಕ ಇಡುವ ಕೋಣೆಗೆ ಯಾವ ಮೊಬೈಲನ್ನೂ ಒಯ್ಯಕೂಡದೆಂದು ಫಲಕ ಹಾಕಿರುವುದಾಗಿಯೂ ತಿಳಿಸಿದನು. "ಹನ್ನೆರಡು ಬೇಕಾಗಿರಲೇ ಇಲ್ಲ ಗುರುಗಳೆ, ಮೂರೇ ಸಾಕಾದವು. ಲೆಕ್ಕ ಹಾಕಿಯೇ ನೋಡಿರಲಿಲ್ಲ" ಎಂದನು.

ನೆಲಮಂಗಲದವನ ಎರಡು ದಿನದ ಕೂಲಿ ಇನ್ನೂ ಬಂದಿಲ್ಲ. ಅವನು ಈಗಲೂ ಸ್ವಂತ ಮೊಬೈಲಿನಲ್ಲಿಯೇ ಸ್ಕ್ಯಾನ್ ಮಾಡುತ್ತಾನೆ. ಅವನ ಒಡೆಯರು ಈ ಪತ್ರಿಕೆಯನ್ನು ಓದುವರೋ ಇಲ್ಲವೋ ತಿಳಿಯೆ. ಆದರೆ ಇದನ್ನು ಓದುವವರಲ್ಲಿ ಅಂಗಡಿ, ಮಿಲ್ಲು, ಗೋದಾಮು, ಶಾಲೆಗಳನ್ನು ನಡೆಸುವವರು ಅನೇಕರಿದ್ದಾರೆ. ಅವರ ಕೈಕೆಳಗೆ ಸ್ವಂತ ಮೊಬೈಲಿನಿಂದ ಅವರ ಕೆಲಸ ಮಾಡಿಕೊಡುತ್ತಿರುವವರೂ ಇದ್ದಾರೆ. ನಾಳೆ ಬೆಳಿಗ್ಗೆ ಅವರಲ್ಲೊಬ್ಬರನ್ನು ಕರೆದು, "ಈ ಮೊಬೈಲಿಗೆ ನಮ್ಮ ಕೆಲಸದಿಂದ ಏನು ಸವೆತ ಬಂದಿದೆ?" ಎಂದು ಒಂದು ಮಾತು ಕೇಳಿ ನೋಡಬೇಕು. ಅವರು ಏನೂ ಇಲ್ಲವೆಂದರೆ ಇನ್ನೊಮ್ಮೆ ಕೇಳಬೇಕು. ಮೊದಲನೆಯ ಉತ್ತರವು ಹೆಚ್ಚಾಗಿ ಸಂಕೋಚದಿಂದ ಬರುತ್ತದೆಂಬುದನ್ನು ನಾನು ನಮ್ಮ ಉಗ್ರಾಣದ ಅಣ್ಣನವರಿಂದ ಕಲಿತಿದ್ದೇನೆ.